ಒಳಗಿನ ಖೀಮಾ ಎಷ್ಟು, ಹೊರಗಿನ ಮೈದಾ ಎಷ್ಟು? ಮಾಂಸ, ಮೀನು ತುಂಬಿದ ತಿಂಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಅಂಕೋಲಾ, ಕೆಲಸ ಕಾರವಾರದಲ್ಲಿ. ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಬರುವವರು ಶುಗರ್, ಕೊಲೆಸ್ಟ್ರಾಲ್, ರಕ್ತ ಕಡಿಮೆ ಅಂತಲೇ ಬರುತ್ತಾರೆ. ಆದರೆ ಐದು ನಿಮಿಷದಲ್ಲಿ ಮಾತು ತಿಂಡಿಗೆ ತಿರುಗುತ್ತದೆ. ಖೀಮಾ ಸಮೋಸ, ಚಿಕನ್ ಪ್ಯಾಟಿಸ್, ಮಸಾಲೆ ತುಂಬಿದ ಬಂಗಡೆ, ಮಾಣಕಿ (ಸ್ಕ್ವಿಡ್). ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಹೂರಣ ಅಂದ ಕೂಡಲೇ ನಮಗೆಲ್ಲ ಹೋಳಿಗೆ ನೆನಪಾಗುತ್ತದೆ. ಇಲ್ಲಿ ಮಾತ್ರ ಖೀಮಾ, ಸಿಗಡಿ, ಏಡಿ ಏನೇ ಒಳಗೆ ತುಂಬಿದರೂ ಅದು ಹೂರಣವೇ. ಅಳತೆಗಳೆಲ್ಲ ಅಂದಾಜು. ಬೇರೆ ಹೇಳದಿದ್ದರೆ 100 ಗ್ರಾಂ ಹಸಿ ಮಾಂಸದ ಲೆಕ್ಕ ಅಂತ ಇಟ್ಟುಕೊಳ್ಳಿ.

## ಮೊದಲು ಕೇಳುವುದು

ಪ್ಯಾಟಿಸ್ ತಿಂದ್ರೂ ಚಿಕನ್ ತಿಂದ ಹಾಗೇ ಅಲ್ವಾ ಅಕ್ಕಾ?

ಅಲ್ಲ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಒಂದು ಸಂಜೆ ಬೇಕರಿಯಿಂದ ನಾಲ್ಕು ಚಿಕನ್ ಪ್ಯಾಟಿಸ್ ತಂದೆ. ಚಾಕುವಿನಿಂದ ಸೀಳಿ, ಒಳಗಿನದನ್ನು ಚಮಚದಲ್ಲಿ ಕೆರೆದು ಅಡುಗೆ ತಕ್ಕಡಿಯ ಮೇಲಿಟ್ಟೆ. ಒಂದೊಂದು ಪ್ಯಾಟಿಸ್ ಸುಮಾರು 85 ಗ್ರಾಂ. ಒಳಗಿನ ಹೂರಣ ಒಂದರಲ್ಲಿ 17 ಗ್ರಾಂ, ಇನ್ನೊಂದರಲ್ಲಿ 26. ಅದರಲ್ಲೂ ಅರ್ಧ ಈರುಳ್ಳಿ. ಅಂದರೆ ಕೋಳಿ ಅಂತ ಇದ್ದದ್ದು ಹೆಚ್ಚೆಂದರೆ ಒಂದು ಸಣ್ಣ ಚಮಚದ ತುಂಬ. ಅದರಿಂದ ಬರುವ ಪ್ರೋಟೀನ್ ಮೂರು ಗ್ರಾಂ. ಉಳಿದ 60 ಚಿಲ್ಲರೆ ಗ್ರಾಂ ಮೈದಾ ಮತ್ತು ಕೊಬ್ಬಿನ ಪದರ. ಅದೊಂದರಿಂದಲೇ 300 ಕ್ಯಾಲೊರಿ ದಾಟುತ್ತದೆ.

ಹೋಲಿಕೆಗೆ ಒಂದು ಮೊಟ್ಟೆ ತೆಗೆದುಕೊಳ್ಳಿ. 6 ಗ್ರಾಂ ಪ್ರೋಟೀನ್, 70 ಕ್ಯಾಲೊರಿ. ಪ್ಯಾಟಿಸ್ ತಿನ್ನಬೇಡಿ ಅನ್ನುತ್ತಿಲ್ಲ. ಆ ನಾಲ್ಕನ್ನೂ ನಾವೇ ಮನೆಯಲ್ಲಿ ಚಾದ ಜೊತೆ ತಿಂದು ಮುಗಿಸಿದೆವು. ಅದನ್ನು 'ಚಿಕನ್' ಲೆಕ್ಕಕ್ಕೆ ಬರೆಯಬೇಡಿ, ಅಷ್ಟೇ.

ಮಟನ್ ಖೀಮಾ ಒಳ್ಳೇದಾ, ಚಿಕನ್ ಖೀಮಾ ಒಳ್ಳೇದಾ?

ಪ್ರೋಟೀನ್ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎರಡರಲ್ಲೂ ಸುಮಾರು 20 ಗ್ರಾಂ. ವ್ಯತ್ಯಾಸ ಬೇರೆ ಕಡೆ ಇದೆ. ಆಡಿನ ಮಾಂಸದಲ್ಲಿ ಕಬ್ಬಿಣ 2.8 ಮಿಲಿಗ್ರಾಂ, ಸತು 4 ಮಿಲಿಗ್ರಾಂ ಹತ್ತಿರ ಇರುತ್ತದೆ. ಬಿ12 ಕೂಡ ಕೋಳಿಗಿಂತ ಜಾಸ್ತಿ. ಕೋಳಿ ಎದೆಯ ಮಾಂಸದಲ್ಲಿ ಸತು ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ.

ಕೊಬ್ಬು ಮಾತ್ರ ಅಂಗಡಿಯವರ ಕೈಯಲ್ಲಿದೆ. ಚರ್ಮ ತೆಗೆದ ಕೋಳಿ ಎದೆಯಲ್ಲಿ 2-3 ಗ್ರಾಂ ಕೊಬ್ಬು. ಚರ್ಮ ಸಮೇತ ತೊಡೆಯನ್ನು ಖೀಮಾ ಮಾಡಿಸಿದರೆ 15 ಗ್ರಾಂ. "ಚಿಕನ್ ತಾನೇ, ಲೈಟು" ಅಂದುಕೊಂಡವರು ಕೆಲವೊಮ್ಮೆ ಒಳ್ಳೆ ಆಡಿನ ಖೀಮಾಕ್ಕಿಂತ ಜಾಸ್ತಿ ಕೊಬ್ಬು ತಿಂದಿರುತ್ತಾರೆ. ಮೊದಲೇ ಕೊಚ್ಚಿಟ್ಟ ಖೀಮಾ ತರಬೇಡಿ. ತುಂಡು ತೋರಿಸಿ, ಚರ್ಮ, ಚರ್ಬಿ ತೆಗೆಸಿ, ಕಣ್ಣೆದುರೇ ಖೀಮಾ ಮಾಡಿಸಿ.

ಎರಡೇ ಎರಡು ಖೀಮಾ ಸಮೋಸ ತಿಂದ್ರೆ ಎಷ್ಟು ಕ್ಯಾಲೊರಿ?

ರಂಜಾನ್ ತಿಂಗಳಲ್ಲಿ ಭಟ್ಕಳದಿಂದ ಬರುವವರು ಇದನ್ನು ತಪ್ಪದೇ ಕೇಳುತ್ತಾರೆ. ಅದಕ್ಕೇ ಮನೆಯಲ್ಲಿ ಮಾಡಿ ತೂಗಿಯೇ ಬಿಟ್ಟೆ. ಕಾಲು ಕಿಲೋ ಮಟನ್ ಖೀಮಾ, ಅಷ್ಟೇ ಈರುಳ್ಳಿ, ಎರಡು ದೊಡ್ಡ ಚಮಚ ಎಣ್ಣೆ. ನೀರು ಆರುವ ತನಕ ಹುರಿದ ಮೇಲೆ ಹೂರಣ ಸುಮಾರು 380 ಗ್ರಾಂ ಉಳಿಯಿತು. ಪಟ್ಟಿ ಸಮೋಸಕ್ಕೆ 20 ಗ್ರಾಂನಂತೆ ತುಂಬಿದರೆ 19 ಆದವು.

ಕಾಲು ಕಿಲೋ ಖೀಮಾದಲ್ಲಿ 50 ಗ್ರಾಂ ಪ್ರೋಟೀನ್. ಹತ್ತೊಂಬತ್ತಕ್ಕೆ ಹಂಚಿದರೆ ಒಂದಕ್ಕೆ ಎರಡೂವರೆ ಗ್ರಾಂ ಚಿಲ್ಲರೆ. ಪಟ್ಟಿಯ ಹಿಟ್ಟಿನದು ಸೇರಿಸಿದರೂ ನಾಲ್ಕು ಮುಟ್ಟುವುದಿಲ್ಲ. ಕ್ಯಾಲೊರಿ ಹೀಗೆ: ಹೂರಣದ್ದು 40, ಪಟ್ಟಿಯದು 40, ಕರಿಯುವಾಗ ಕುಡಿದ ಎಣ್ಣೆಯದು ಮತ್ತೆ 40. ಒಟ್ಟು 120. ಮೂರು ಪಾಲು, ಅದರಲ್ಲಿ ಮಾಂಸ ಇರುವುದು ಒಂದು ಪಾಲಿನಲ್ಲಿ. ಎರಡು ತಿಂದರೆ 240. ಎರಡಕ್ಕೇ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ.

ಖೀಮಾ ಹುರಿದ್ರೆ ಅರ್ಧ ಆಗ್ತದಲ್ಲ, ಸತ್ವನೂ ಹೋಗ್ತದಾ?

ಹೋಗುವುದು ಬಹುಪಾಲು ನೀರು, ಸ್ವಲ್ಪ ಕೊಬ್ಬು. 100 ಗ್ರಾಂ ಹಸಿ ಖೀಮಾ ಬೆಂದ ಮೇಲೆ 70-75 ಗ್ರಾಂ ಆಗುತ್ತದೆ. ಪ್ರೋಟೀನ್, ಕಬ್ಬಿಣ ಅಲ್ಲೇ ಇರುತ್ತವೆ. ಕೆಲವು ಬಿ ಜೀವಸತ್ವಗಳು ಬಿಟ್ಟ ರಸಕ್ಕೆ ಇಳಿಯುತ್ತವೆ. ಹಾಗಾಗಿ ಆ ರಸ ಚೆಲ್ಲದೆ ಅದರಲ್ಲೇ ಆರಿಸಿ. ಮೇಲೆ ಕೊಬ್ಬು ಜಾಸ್ತಿ ತೇಲಿದರೆ ಅದನ್ನಷ್ಟೇ ಚಮಚದಲ್ಲಿ ತೆಗೆಯಿರಿ.

## ಸಮುದ್ರದ ಕಡೆಯದು

ಮಸಾಲೆ ತುಂಬಿದ ಬಂಗಡೆ ವಾರಕ್ಕೆ ಮೂರು ಸಲ ತಿಂದ್ರೆ ಅಡ್ಡಿಲ್ವಾ?

ಬಂಗಡೆಗೆ ಅಡ್ಡಿಲ್ಲ. ಮಸಾಲೆ ನೋಡಬೇಕು.

150 ಗ್ರಾಂ ತೂಗುವ ಬಂಗಡೆಯಲ್ಲಿ ತಲೆ, ಕರುಳು, ಮುಳ್ಳು ಬಿಟ್ಟು ತಿನ್ನಲು ಸಿಗುವುದು ಸುಮಾರು 80 ಗ್ರಾಂ. ಪ್ರೋಟೀನ್ 15 ಗ್ರಾಂ. ಜೊತೆಗೆ ಹೃದಯಕ್ಕೆ ಒಳ್ಳೆಯದಾದ ಒಮೇಗಾ-3 ಕೊಬ್ಬು, ಬಿ12, ಒಂದಿಷ್ಟು ವಿಟಮಿನ್ ಡಿ. ಈ ಪುಟದಲ್ಲಿ ಬರುವ ತಿಂಡಿಗಳಲ್ಲಿ ನನ್ನ ಮೊದಲ ಅಂಕ ಇದಕ್ಕೇ. ಕಾರಣ ಸರಳ. ಉಳಿದ ಕಡೆ ಮಾಂಸ ಒಳಗೆ, ಹಿಟ್ಟು ಹೊರಗೆ. ಇಲ್ಲಿ ಹೊರಗಿನದೇ ಮೀನು.

ಈಗ ಮಸಾಲೆ. ಗೋವಾ ಗಡಿ ನಮಗೆ ಪಕ್ಕದಲ್ಲೇ, ಹಾಗಾಗಿ ಕಾರವಾರದ ಕೆಂಪು ಮಸಾಲೆಯೂ ಅದೇ ಧಾಟಿಯದು. ಒಣಮೆಣಸು, ಬೆಳ್ಳುಳ್ಳಿ, ಶುಂಠಿ, ಜೀರಿಗೆ, ಹುಣಸೆ ಅಥವಾ ವಿನೆಗರ್, ಚಿಟಿಕೆ ಸಕ್ಕರೆ, ಉಪ್ಪು. ಮೀನಿನ ಬೆನ್ನು ಸೀಳಿ ಮುಳ್ಳಿನ ಎರಡೂ ಬದಿ ತುಂಬುತ್ತೇವೆ. ಮಸಾಲೆ ಒಳಗೆ ಉಳಿಯುವುದರಿಂದ ಅಷ್ಟೂ ಹೊಟ್ಟೆಗೇ ಹೋಗುತ್ತದೆ, ಸಾರಿನ ಹಾಗೆ ತಟ್ಟೆಯಲ್ಲಿ ಉಳಿಯುವುದಿಲ್ಲ. ಆರು ಮೀನಿನ ಮಸಾಲೆಗೆ ಎರಡು ಟೀ ಚಮಚ ಉಪ್ಪು ಹಾಕಿದಿರಿ ಅಂತಿಟ್ಟುಕೊಳ್ಳಿ. ಅದು 10 ಗ್ರಾಂ. ಒಂದು ಮೀನಿಗೆ 1.7 ಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಎರಡು ಮೀನು ತಿಂದರೆ ಅದರ ಮೂರರಲ್ಲಿ ಎರಡು ಪಾಲು ಮುಗಿಯಿತು. ಪಕ್ಕದಲ್ಲಿ ಉಪ್ಪಿನಕಾಯಿ, ಸೋಲ್ ಕಡಿ ಎಲ್ಲ ಇದ್ದೇ ಇರುತ್ತದೆ.

ಬಿಪಿ ಇದ್ದವರಿಗೆ ನಾನು ಹೇಳುವುದು ಇಷ್ಟು. ಉಪ್ಪು ಅರ್ಧ ಮಾಡಿ, ಹುಳಿ ಸ್ವಲ್ಪ ಏರಿಸಿ. ಹುಳಿ ಇದ್ದರೆ ಉಪ್ಪು ಕಡಿಮೆ ಅನ್ನಿಸುವುದಿಲ್ಲ. ಮೇಲೆ ರವೆ ಹಚ್ಚಿದರೆ ಅದು ಎಣ್ಣೆ ಕುಡಿಯುತ್ತದೆ. ಬಾಳೆಎಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಮುಚ್ಚಿಟ್ಟರೆ ಒಂದು ಚಮಚ ಎಣ್ಣೆಯಲ್ಲಿ ಮೂರು ಮೀನು ಬೇಯುತ್ತವೆ.

ಮಾಣಕಿ, ಸಿಗಡಿ ಬಿಡಿ ಅಂದ್ರು ಡಾಕ್ಟ್ರು. ಕೊಲೆಸ್ಟ್ರಾಲ್ ಅಂತೆ. ಹೌದಾ?

ನಿಮ್ಮ ವೈದ್ಯರು ನಿಮ್ಮ ರಿಪೋರ್ಟ್ ನೋಡಿ ಹೇಳಿದ್ದರೆ ಅದನ್ನೇ ಕೇಳಿ. ಸಾಮಾನ್ಯ ಲೆಕ್ಕ ಮಾತ್ರ ಹೇಳುತ್ತೇನೆ. 100 ಗ್ರಾಂ ಮಾಣಕಿಯಲ್ಲಿ 230 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ. ಸಿಗಡಿಯಲ್ಲಿ, ಅದೇ ನಮ್ಮ ಶೆಟ್ಲಿಯಲ್ಲಿ, 150ರ ಆಸುಪಾಸು. ಒಂದು ಮೊಟ್ಟೆಯಲ್ಲಿ 185. ಸಂಖ್ಯೆ ದೊಡ್ಡದೇ. ಆದರೆ ಮಾಣಕಿ, ಸಿಗಡಿ ಎರಡರಲ್ಲೂ ಕೊಬ್ಬು ಒಂದೂವರೆ ಗ್ರಾಂ ಕೂಡ ಇರುವುದು ಕಷ್ಟ. ರಕ್ತದ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದರಲ್ಲಿ ತಿಂದ ಕೊಲೆಸ್ಟ್ರಾಲ್‌ಗಿಂತ ಗಟ್ಟಿ ಕೊಬ್ಬಿನ, ಅಂದರೆ ಸ್ಯಾಚುರೇಟೆಡ್ ಕೊಬ್ಬಿನ, ಪಾತ್ರ ದೊಡ್ಡದು. ಅಮೆರಿಕದವರು 'ದಿನಕ್ಕೆ 300 ಮಿಲಿಗ್ರಾಂ' ಅನ್ನುವ ಮಿತಿಯನ್ನು 2015ರ ಹೊತ್ತಿನ ತಮ್ಮ ಆಹಾರ ಸೂಚಿಯಿಂದ ಕೈಬಿಟ್ಟಿದ್ದೂ ಇದೇ ಯೋಚನೆಯಲ್ಲಿ.

ಈಗ ನಮ್ಮ ಮನೆಗಳ ತುಂಬಿದ ಮಾಣಕಿ ನೋಡಿ. ಅದರದೇ ಕಾಲುಗಳನ್ನು ಸಣ್ಣಗೆ ಕೊಚ್ಚಿ, ನಾಲ್ಕು ಶೆಟ್ಲಿ, ಈರುಳ್ಳಿ, ಹಸಿಮೆಣಸು, ಆಮೇಲೆ ಕಾಯಿತುರಿ. ಚೀಲದ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬೆಂದಾಗ ಮಾಣಕಿ ಕುಗ್ಗುತ್ತದೆ, ತುಂಬಾ ತುರುಕಿದರೆ ಕಡ್ಡಿ ಚುಚ್ಚಿದ ಬಾಯಿ ಬಿಚ್ಚಿಕೊಂಡು ಹೂರಣವೆಲ್ಲ ಕಾವಲಿಗೆ ಬೀಳುತ್ತದೆ. ಆ ಕಾಯಿತುರಿ ಒಂದು ಹಿಡಿ, 30 ಗ್ರಾಂ ಅಂದರೂ 10 ಗ್ರಾಂ ಕೊಬ್ಬು. ಅದರಲ್ಲಿ 9 ಗ್ರಾಂ ಗಟ್ಟಿ ಕೊಬ್ಬೇ. ಮೇಲೆ ತೆಂಗಿನೆಣ್ಣೆಯಲ್ಲಿ ಹುರಿದರೆ ಕೇಳುವುದೇ ಬೇಡ. ಮಾಣಕಿ ಬಿಟ್ಟೆ ಅಂತ ಹೆಮ್ಮೆಯಿಂದ ಹೇಳುವವರು ಕಾಯಿ ಬಿಟ್ಟಿರುವುದಿಲ್ಲ. ಕರಾವಳಿಯಲ್ಲಿ ಕಾಯಿ ಬಿಡಿ ಅನ್ನುವ ಧೈರ್ಯ ನನಗೂ ಇಲ್ಲ. ಹಿಡಿಯ ಬದಲು ಎರಡು ಚಮಚ ಹಾಕಿ ಅನ್ನುತ್ತೇನೆ.

ಏಡಿ ಚಿಪ್ಪಿನೊಳಗೆ ಮಸಾಲೆ ತುಂಬಿ ಕೊಡ್ತಾರಲ್ಲ, ಅದು?

ಏಡಿ ಮಾಂಸ ಒಳ್ಳೆಯದು. 18 ಗ್ರಾಂ ಪ್ರೋಟೀನ್, ಕೊಬ್ಬು ಒಂದೇ ಗ್ರಾಂ. ಆದರೆ ಕಾಲು ಕಿಲೋ ಏಡಿಯಿಂದ ಬಿಡಿಸಿದರೆ 50-60 ಗ್ರಾಂ ಮಾಂಸ ಬಂದರೆ ಹೆಚ್ಚು. ಬಿಡಿಸುವ ಕಷ್ಟ ಗೊತ್ತಿದ್ದವರಿಗೆ ಹೋಟೆಲಿನ ಚಿಪ್ಪು ಅಷ್ಟು ತುಂಬಿರುವುದು ಹೇಗೆ ಅಂತಲೂ ಗೊತ್ತಾಗುತ್ತದೆ. ಬ್ರೆಡ್ ಪುಡಿ.

ಮಳೆಗಾಲದಲ್ಲಿ ಬದನೆಕಾಯಿಗೆ ಒಣ ಶೆಟ್ಲಿ ತುಂಬ್ತೇವೆ. ಹಸಿಮೀನಿನಷ್ಟೇ ಸತ್ವ ಉಂಟಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ನಮ್ಮ ಅಡುಗೆಮನೆ ನಡೆಯುವುದೇ ಒಣ ಮೀನಿನ ಮೇಲೆ. ಒಣ ಸಿಗಡಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನೇ. ನೀರು ಹೋಗಿದೆ, ಉಳಿದದ್ದು ಗಟ್ಟಿಯಾಗಿದೆ. ನಾಲ್ಕು ಬದನೆಗೆ 30 ಗ್ರಾಂ ಹಾಕಿದರೂ 15 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸಿಕ್ಕಿತು. ಸಿಪ್ಪೆ ಸಮೇತ ಪುಡಿ ಮಾಡುವುದರಿಂದ ಕ್ಯಾಲ್ಸಿಯಂ ಕೂಡ ಬರುತ್ತದೆ. ಮನೆಯ ಹಿರಿಯರು ಕಡಿಮೆ ಖರ್ಚಲ್ಲಿ ಕಂಡುಕೊಂಡ ದಾರಿ ಇದು. ನನಗೆ ಬಹಳ ಇಷ್ಟ.

ಉಪ್ಪು ಹಾಕಿ ಒಣಗಿಸಿದ್ದೋ, ಬರೀ ಬಿಸಿಲಿಗೆ ಒಣಗಿಸಿದ್ದೋ ಅಂತ ನಾಲಿಗೆಗೆ ಒಂದು ಇಟ್ಟು ನೋಡಿ. ಉಪ್ಪಿನದಾದರೆ ಮಸಾಲೆಗೆ ಬೇರೆ ಉಪ್ಪು ಬೇಡ. ತಲೆ, ಬಾಲ ಮುರಿದು, ಬರೀ ಬಾಣಲೆಯಲ್ಲಿ ಗರಿಗರಿ ಹುರಿದು, ಮೊರದಲ್ಲಿ ಕೇರಿದರೆ ಮರಳು ಬೀಳುತ್ತದೆ. ಸಿಗಡಿ, ಏಡಿ ತಿಂದರೆ ತುರಿಕೆ, ತುಟಿ ಊತ ಬರುವವರಿಗೆ ಒಣಗಿಸಿದ್ದೂ ಆಗುವುದಿಲ್ಲ.

## ಮನೆಯವರಿಗಾಗಿ ಕೇಳುವುದು

ರಕ್ತ ಕಡಿಮೆ ಉಂಟು. ದಿನಾ ಖೀಮಾ ತಿಂದ್ರೆ ಏರ್ತದಾ?

ಬರೀ ಸಂಖ್ಯೆ ನೋಡಿದರೆ ನಿರಾಸೆ ಆಗುತ್ತದೆ. ನಮ್ಮ ದೇಶದ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. 50 ಗ್ರಾಂ ಆಡಿನ ಖೀಮಾದಲ್ಲಿ ಸಿಗುವುದು 1.4. ಹಾಗಂತ ಅದನ್ನು ತಳ್ಳಿಹಾಕಬೇಡಿ. ಮಾಂಸದ ಕಬ್ಬಿಣದಲ್ಲಿ ಒಂದು ಪಾಲನ್ನು ದೇಹ ಸೊಪ್ಪು, ಕಾಳಿನದ್ದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಅದೇ ಊಟದಲ್ಲಿರುವ ಸೊಪ್ಪು, ಕಾಳಿನ ಕಬ್ಬಿಣವನ್ನೂ ಅದು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಖೀಮಾ ಒಂದನ್ನೇ ಜಾಸ್ತಿ ಮಾಡುವ ಬದಲು ಅದಕ್ಕೆ ಮೆಂತ್ಯ ಸೊಪ್ಪು, ಬೇಯಿಸಿದ ಹೆಸರುಕಾಳು ಸೇರಿಸಿ. ಮೇಲಿಂದ ನಿಂಬೆ ಹಿಂಡಿ.

ಸಮೋಸ ಕೈಯಲ್ಲಿ ಹಿಡಿದೇ ಚಾ ಕುಡಿಯುವುದು ನಮ್ಮ ಅಭ್ಯಾಸ. ಚಾ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ಮತ್ತೆ, ಹಿಮೋಗ್ಲೋಬಿನ್ ತುಂಬಾ ಕೆಳಗಿದ್ದರೆ ಊಟದಿಂದಷ್ಟೇ ಏರುವುದಿಲ್ಲ. ಮಾತ್ರೆ ಬಿಡಬೇಡಿ.

ಸೊಸೆ ಬಸುರಿ. ಖೀಮಾದಲ್ಲಿ ಕಲೀಜಿ ಬೆರೆಸಿ ಕೊಡ್ಬಹುದಾ?

ಅತ್ತೆಯಂದಿರ ಪ್ರೀತಿಯ ಪ್ರಶ್ನೆ. ಉತ್ತರ ಮಾತ್ರ ಬೇಡ. ಕಲೀಜಿಯಲ್ಲಿ, ಅಂದರೆ ಲಿವರ್‌ನಲ್ಲಿ, ಕಬ್ಬಿಣ, ಬಿ12, ಫೋಲೇಟ್ ಎಲ್ಲ ಧಾರಾಳ. ತೊಂದರೆ ವಿಟಮಿನ್ ಎಯದು. 100 ಗ್ರಾಂ ಕುರಿ ಕಲೀಜಿಯಲ್ಲಿ 7,000 ಮೈಕ್ರೋಗ್ರಾಂ ಇರುತ್ತದೆ. ಬಸುರಿಯರಿಗೆ ದಿನದ ಮೇಲಿನ ಮಿತಿ 3,000. ಅತಿಯಾದರೆ ಮಗುವಿನ ಬೆಳವಣಿಗೆಗೆ ಅಪಾಯ, ಮೊದಲ ಮೂರು ತಿಂಗಳಲ್ಲಂತೂ ಜಾಸ್ತಿ. ಬರೀ ಖೀಮಾ ಕೊಡಿ, ಚೆನ್ನಾಗಿ ಬೇಯಿಸಿ ಕೊಡಿ. ಉಳಿದವರು ಯಾವಾಗಲಾದರೂ ಸ್ವಲ್ಪ ಕಲೀಜಿ ತಿನ್ನಬಹುದು.

ಶುಗರ್ ಇದ್ದವರಿಗೆ ಖೀಮಾ ಪಾವ್ ಬೇಡ್ವಾ?

ಖೀಮಾದಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನಬಹುದು. ಶುಗರ್ ಏರಿಸುವುದು ಪಾವ್. ಒಂದು ಪಾವ್ ಅಂದರೆ 20 ಗ್ರಾಂ ಪಿಷ್ಟ. ಖೀಮಾ ಎರಡು ಸಲ ಹಾಕಿಸಿಕೊಳ್ಳಿ, ಪಾವ್ ಒಂದಕ್ಕೆ ನಿಲ್ಲಿಸಿ. ಜೊತೆಗೆ ಸೌತೆಕಾಯಿ, ಈರುಳ್ಳಿ.

ನಾವು ಶಿರಸಿ ಕಡೆಯವರು, ಮಾಂಸ ತಿನ್ನೋದಿಲ್ಲ. ಎಳೆ ಹಲಸಿನಕಾಯಿ ಹೂರಣ ಮಾಂಸದ ಹಾಗೇ ಇರ್ತು. ಸತ್ವವೂ ಹಾಗೇನಾ?

ನಾರು ನಾರಾಗಿ ಇರುವುದು ನೋಡಲು ಮಾಂಸದ ಹಾಗೆ. ಪ್ರೋಟೀನ್ 2 ಗ್ರಾಂ ಹತ್ತಿರ ಅಷ್ಟೇ, ಅಂದರೆ ಖೀಮಾದ ಹತ್ತನೇ ಒಂದು ಪಾಲು. ನಾರಿನಂಶ ಚೆನ್ನಾಗಿದೆ, ರುಚಿಗೆ ಎರಡು ಮಾತಿಲ್ಲ. ಪ್ರೋಟೀನ್ ಬೇಕಾದರೆ ಅದಕ್ಕೆ ನೆನೆಸಿ ಹಿಂಡಿದ ಸೋಯಾ ಪುಡಿ ಬೆರೆಸಿ. ಒಣ ಸೋಯಾದಲ್ಲಿ ಅರ್ಧದಷ್ಟು ಪ್ರೋಟೀನ್ ಇರುತ್ತದೆ. ನೆನೆದಾಗ ಮೂರು ಪಟ್ಟು ತೂಗಿದರೂ 100 ಗ್ರಾಂಗೆ 16-17 ಉಳಿಯುತ್ತದೆ.

## ಸ್ವಲ್ಪ ಒಳಗಿನ ಪ್ರಶ್ನೆಗಳು

ನಮ್ಮ ಮನೆ ಅಡುಗೆಯ ಲೆಕ್ಕ ನಾವೇ ಹಾಕೋದು ಹೇಗೆ?

ಬೆಂದದ್ದನ್ನು ತೂಗಿ ಹಸಿಯ ಕೋಷ್ಟಕ ನೋಡುವುದು, ಎಲ್ಲರೂ ಮಾಡುವ ತಪ್ಪು. ಹಸಿಯಾಗಿದ್ದಾಗಲೇ ಮಾಂಸ, ಈರುಳ್ಳಿ, ಕಾಯಿ ತೂಗಿ ಬರೆದಿಡಿ. ಎಣ್ಣೆ ಬಾಟಲಿಯನ್ನು ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಗಿ. ಕರಿಯುವುದಾದರೆ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಕಳೆಯಿರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಲ್ಲಿ ನಮ್ಮ ಮೀನು, ಮಾಂಸಗಳ ಅಂಶಗಳೆಲ್ಲ ಇವೆ. ಒಟ್ಟು ಕೂಡಿ, ಎಷ್ಟು ಆದವೋ ಅಷ್ಟರಿಂದ ಭಾಗಿಸಿ. ಎಣ್ಣೆಯ ಒಂದು ಗ್ರಾಂಗೆ 9 ಕ್ಯಾಲೊರಿ. ಮೊದಲ ಸಲ ಎಣ್ಣೆಯ ಸಾಲು ನೋಡಿದವರು ಬಹುತೇಕ ತಕ್ಕಡಿ ಕೆಟ್ಟಿದೆ ಅನ್ನುತ್ತಾರೆ.

ಪ್ಯಾಕೆಟಿನ ಫ್ರೋಜನ್ ಸಮೋಸದಲ್ಲಿ ಏನು ನೋಡ್ಬೇಕು?

ಎರಡು ಸಾಕು. ಒಂದು, ಪದಾರ್ಥಗಳ ಪಟ್ಟಿ. ಜಾಸ್ತಿ ಇರುವುದು ಮೊದಲು ಬರುತ್ತದೆ. ಮೈದಾ, ಎಣ್ಣೆ, ಈರುಳ್ಳಿ ಆದ ಮೇಲೆ ಮಾಂಸದ ಹೆಸರು ಬಂದರೆ ನಿಮಗೇ ಗೊತ್ತಾಗುತ್ತದೆ. ಎರಡು, ಸೋಡಿಯಂ, ಅಂದರೆ ಉಪ್ಪಿನ ಅಂಶ. ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬಿನ 2 ಶೇಕಡಾ ಮಿತಿ ಇದೆ. ಆದರೆ ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವ ಬಾಣಲೆಗೆ ಲೇಬಲ್ ಇರುವುದಿಲ್ಲ.

ಖೀಮಾ ಹೂರಣ ಎಷ್ಟು ದಿನ ಇಡ್ಬಹುದು?

ಹಸಿ ಖೀಮಾ ಫ್ರಿಜ್ಜಿನಲ್ಲಿ ಒಂದು, ಹೆಚ್ಚೆಂದರೆ ಎರಡು ದಿನ. ಇಡೀ ತುಂಡಿನಲ್ಲಿ ಕೀಟಾಣು ಇದ್ದರೂ ಬಹುಮಟ್ಟಿಗೆ ಮೇಲ್ಮೈಯಲ್ಲಿರುತ್ತವೆ. ಕೊಚ್ಚಿದಾಗ ಒಳಗೆಲ್ಲ ಹರಡುತ್ತವೆ. ಬೇಯಿಸಿದ್ದು ಮೂರು ದಿನ. ಹೊರಗೆ ಎರಡು ತಾಸು, ನಮ್ಮ ಏಪ್ರಿಲ್ ಸೆಕೆಗೆ ಒಂದೇ ತಾಸು.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಎರಡು ಕಿಲೋ ಖೀಮಾ ಹುರಿದು, ದೊಡ್ಡ ಪಾತ್ರೆಯಲ್ಲಿ ಮುಚ್ಚಿ, ಹಾಗೇ ಫ್ರಿಜ್ಜಿಗೆ ತಳ್ಳಿದ್ದೆ. ಬೆಳಿಗ್ಗೆ ಮೇಲೆ ತಣ್ಣಗಿತ್ತು. ನಡುವೆ ಸೌಟು ಹಾಕಿದರೆ ಇನ್ನೂ ಉಗುರು ಬೆಚ್ಚಗೆ, ಮೂಗಿಗೆ ಹುಳಿ ವಾಸನೆ. ಅಷ್ಟೂ ಚೆಲ್ಲಿದೆ. ಕೆಲವು ಕೀಟಾಣುಗಳ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ, ಆ ಬೆಚ್ಚಗಿನ ನಡುಭಾಗದಲ್ಲಿ ಮೊಳೆಯುತ್ತವೆ. ಅಗಲ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಹೊಗೆ ಆರಿದ ಕೂಡಲೇ ಒಳಗಿಡಿ. ತುಂಬುವಾಗಲೂ ಹೂರಣ ತಣ್ಣಗಿರಲಿ, ಪಟ್ಟಿ ನೆನೆದು ಒಡೆಯುವುದಿಲ್ಲ.

ಶಿರಸಿ ಪೇಟೆಯ ಬಂಗಡೆ ತುಂಬಿಸಿ ಹುರಿದು ತಿಂದ ಅರ್ಧ ತಾಸಿಗೆ ಮುಖ ಕೆಂಪಾಗಿ ಉರಿ ಬಂತು. ಮೀನು ಅಲರ್ಜಿನಾ?

ಅಲರ್ಜಿ ಇರಬಹುದು. ಆದರೆ ಮನೆಯಲ್ಲಿ ತಿಂದ ಎಲ್ಲರಿಗೂ ಹಾಗೇ ಆಗಿದ್ದರೆ ಕಾರಣ ಬೇರೆ. ಬಂಗಡೆ, ತಾರ್ಲೆ (ಬೂತಾಯಿ), ಸೂರೆಯಂಥ (ಟ್ಯೂನಾ) ಮೀನುಗಳ ಮಾಂಸದಲ್ಲಿ ಹಿಸ್ಟಿಡೀನ್ ಅನ್ನುವ ಅಂಶ ಜಾಸ್ತಿ. ಹಿಡಿದ ಮೇಲೆ ಐಸ್ ಸರಿಯಾಗಿ ಸಿಗದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಕುಮಟೆಯಲ್ಲಿ ಬುಟ್ಟಿಗೆ ಬಿದ್ದ ಮೀನು ದೇವಿಮನೆ ಘಟ್ಟ ಹತ್ತಿ ಬರುವಷ್ಟರಲ್ಲಿ ಐಸ್ ಕರಗಿದ್ದರೆ ಸಾಕು. ಮುಖ ಕೆಂಪು, ತಲೆನೋವು, ತುರಿಕೆ, ಎದೆ ಬಡಿತ. ಕೆಲವರಿಗೆ ನಾಲಿಗೆಯಲ್ಲೇ ಮೆಣಸು ತಿಂದ ಹಾಗೆ ಚುರುಚುರು ಅನ್ನುತ್ತದೆ.

ತುಂಬಿದ ಮೀನಿನಲ್ಲಿ ಇದು ಗೊತ್ತಾಗುವುದೇ ಕಷ್ಟ. ಮಸಾಲೆಯೇ ಖಾರ, ಹುಳಿ. ಹಿಸ್ಟಮಿನ್ ಬಿಸಿಗೆ ಹೋಗುವುದೂ ಇಲ್ಲ. ಎಷ್ಟು ಹುರಿದರೂ ಅಷ್ಟೇ. ಹಾಗಾಗಿ ಕೊಳ್ಳುವಾಗಲೇ ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿ. ಐಸಿನಲ್ಲಿ ಹೂತಿದ್ದ ಮೀನು ತನ್ನಿ. ಮಸಾಲೆ ಹಚ್ಚಿ ಇಡುವುದಾದರೆ ಫ್ರಿಜ್ಜಿನಲ್ಲೇ ಇಡಿ, ಕಟ್ಟೆಯ ಮೇಲಲ್ಲ. ಉಸಿರು ಕಟ್ಟಿದರೆ, ಗಂಟಲು ಊದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಷ್ಟಾಗದಿದ್ದರೂ ವೈದ್ಯರ ಹತ್ತಿರ ತಿಂದ ಮೀನು ಯಾವುದು, ಎಷ್ಟು ಜನಕ್ಕೆ ಹೀಗಾಯಿತು ಅನ್ನುವುದನ್ನು ಮರೆಯದೆ ಹೇಳಿ. ಅಲರ್ಜಿ ಹೌದೋ ಅಲ್ಲವೋ ಅಂತ ಅವರು ನೋಡುವವರೆಗೆ ಬಂಗಡೆ ಬೇಡ.